ಜೇಬಿನ ಚಾಕು

ಇಂದು ನಾನು ಮಾತನಾಡಬೇಕೆಂದಿರುವ ವಸ್ತು ಅಂಗಿಯ ಜೇಬಿನಲ್ಲಿ ಅಡಗುವಷ್ಟು ಚಿಕ್ಕದು. ಅದು ಚಾಕು, ಅಡಿಗೆಮನೆಯ ಚಾಕುವಲ್ಲ, ಮಡಿಚಿ ಜೇಬಿನಲ್ಲಿಟ್ಟುಕೊಳ್ಳುವ ಚಾಕು. ಸಾಹಿತ್ಯದ ಮೇಷ್ಟರಿಗೆ ಈ ವಿಷಯವೇಕೆ ಎಂದು ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ‘ಪೆನ್‌ನೈಫ್’ ಎಂದೇ ಹೆಸರು. ಹಕ್ಕಿಯ ಗರಿಯನ್ನು ಕೆತ್ತಿ ಲೇಖನಿ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ ಬರೆಯುವವನ ಮೇಜಿನ ಮೇಲೆ ಮಸಿಕುಡಿಕೆಯ ಪಕ್ಕದಲ್ಲಿ ಇದು ಇರಲೇಬೇಕಾಗಿತ್ತು. ನಮ್ಮ ದಕ್ಷಿಣ ದೇಶದಲ್ಲಿಯೂ ಓಲೆಗರಿಯ ಮೇಲೆ ಬರೆಯುವ ಕಂಟವನ್ನೂ ಗರಿಯ ಅಂಚು ಸವರುವ ಕಿರುಗತ್ತಿಯನ್ನೂ ಒಂದೇ ಹಿಡಿಗೆ ಸೇರಿಸಿ ಮಡಿಚುವಂತೆ ಮಾಡಿದ ಸಾಧನಗಳಿದ್ದವು; ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಈಗಲೂ ಕಾಣಬಹುದು. ಅಕ್ಷರಕ್ಕೂ ಚಾಕುವಿಗೂ ಇರುವ ನೆಂಟಸ್ತಿಕೆ ನಿನ್ನೆ ಮೊನ್ನೆಯದಲ್ಲ.

ಇನ್ನೊಂದು ಕಾರಣವೂ ಉಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಮನೆಗೆ ಬಂದಿದ್ದರು. ಅವರ ಮಗಳು ಅರಣ್ಯಶಾಸ್ತ್ರ ಓದಲು ಹೊರಟಿದ್ದಾಳೆ. ಕಾಡು ಸುತ್ತುವ ಹುಡುಗಿಗೆ ಒಂದು ಚಾಕು ಕೊಡಿಸಬೇಕು. ಅಂಗಡಿಗೆ ಹೋದರೆ ನೂರು ಬಗೆ ಕಾಣುತ್ತದೆ. ಎಲ್ಲವೂ ಒಂದೇ ಸಮನೆ ಹೊಳೆಯುತ್ತವೆ. “ಸರ್, ಹತ್ತು ವರ್ಷ ಬಾಳಿಕೆ ಬರುವಂಥದು ಯಾವುದು?” ಎಂದು ಅವರು ಕೇಳಿದರು. ಇಂದಿನ ಮಾತು ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದ ವಿಸ್ತಾರ.

ಮೊದಲು ಮಾತಿನ ಋಣ ತೀರಿಸಿಬಿಡೋಣ. ‘ಚಾಕು’ ಪಾರಸಿಯ ಕಡೆಯಿಂದ ನಮ್ಮಲ್ಲಿಗೆ ಬಂದ ಶಬ್ದ. ‘ಚೂರಿ’ ಸಂಸ್ಕೃತದ ಛುರಿಕೆ. ‘ಕತ್ತಿ’ ನಮ್ಮದೇ. ಆದರೆ ಈ ಮೂರಕ್ಕಿಂತಲೂ ದೂರ ಪ್ರಯಾಣ ಮಾಡಿದ ಕನ್ನಡದ ಮಾತೊಂದಿದೆ: ಅದು ‘ಉಕ್ಕು’. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿಂದ ಇಂಗ್ಲೆಂಡಿಗೆ ಹೋದ ಉಕ್ಕಿನ ಗಟ್ಟಿಗಳನ್ನು ಅಲ್ಲಿಯವರು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬುದರ ಕೆಟ್ಟ ಬರವಣಿಗೆಯಿಂದ ಹುಟ್ಟಿದ ರೂಪವಿರಬೇಕೆಂದು ಆಂಗ್ಲ ಕೋಶಕಾರರೇ ಊಹಿಸಿದ್ದಾರೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಜನ ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿಟ್ಟು ಉಕ್ಕು ಮಾಡುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆತ ಬರುವುದಕ್ಕೂ ಮೊದಲೇ, 1795ರಲ್ಲಿ, ಜಾರ್ಜ್ ಪಿಯರ್ಸನ್ ಎಂಬ ವಿಜ್ಞಾನಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಲೋಹವನ್ನು ಕುರಿತು ಪ್ರಬಂಧವೊಂದನ್ನು ಮಂಡಿಸಿದ್ದ. ಅದರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ಇದು: ಆ ಉಕ್ಕಿನ ಗುಣವನ್ನು ಪರೀಕ್ಷಿಸಲು ಜೇಮ್ಸ್ ಸ್ಟೋಡಾರ್ಟ್ ಎಂಬ ಹೆಸರಾಂತ ಕುಶಲಕರ್ಮಿಯಿಂದ ಮಾಡಿಸಿದ ವಸ್ತು ಖಡ್ಗವಲ್ಲ, ಒಂದು ಪೆನ್‌ನೈಫು. ಬಡಿಯುವುದು ಬಲು ಕಷ್ಟವಾಯಿತಂತೆ. ಅಂಚು ಮಾತ್ರ ಅವರ ಅತ್ಯುತ್ತಮ ಚಾಕುವಿಗೆ ಸರಿಗಟ್ಟಿತಂತೆ. ನಮ್ಮ ಉಕ್ಕು ಎಂದೊಡನೆ ನಾವು ಕತ್ತಿ ಝಳಪಿಸುವ ವೀರರನ್ನು ನೆನೆಯುತ್ತೇವೆ. ಗರಿ ಕೆತ್ತುವ ಚಾಕುವನ್ನು ನೆನೆಯುವವರು ಯಾರೂ ಇಲ್ಲ.

ಇನ್ನು ಪ್ರಶ್ನೆಗೆ ಬರೋಣ. ಚಾಕು ಕೊಳ್ಳಲು ಹೋದವರೆಲ್ಲ ನೋಡುವುದು ಅಲಗನ್ನು. ಬೆರಳ ತುದಿಯಿಂದ ಹರಿತ ನೋಡುತ್ತಾರೆ, ತಲೆದೂಗುತ್ತಾರೆ, ಹಣ ಕೊಡುತ್ತಾರೆ. ಹೊಸ ಚಾಕು ಹರಿತವಾಗಿರುವುದು ದೊಡ್ಡ ವಿಷಯವಲ್ಲ. ಹರಿತ ಹೋದರೆ ಕಲ್ಲಿನ ಮೇಲೆ ಮತ್ತೆ ತರಿಸಬಹುದು. ಮಡಿಚುವ ಚಾಕು ಬದುಕುವುದೂ ಸಾಯುವುದೂ ಅದರ ಕೀಲಿನಲ್ಲಿ. ಅಲಗು ಹಿಡಿಯನ್ನು ಕೂಡುವ ಆ ಒಂದು ಮೊಳೆಯ ಜಾಗ ಸಡಿಲವಾಯಿತೋ, ಎಂಥ ಉಕ್ಕಾದರೂ ವ್ಯರ್ಥ. ವ್ಯರ್ಥವಾದರೆ ಚಿಂತೆಯಿಲ್ಲ, ಅಪಾಯ. ನನ್ನ ಬಾಲ್ಯದ ಸಹಪಾಠಿಯೊಬ್ಬ ಜಾತ್ರೆಯಲ್ಲಿ ಕೊಂಡ ಚಾಕುವಿನಿಂದ ಬಿದಿರಿನ ತುಂಡಿಗೆ ತೂತು ಕೊರೆಯುತ್ತಿದ್ದ. ಕೊಳಲು ಮಾಡಬೇಕೆಂಬ ಆಸೆ. ಮೊನೆ ಬಿದಿರಿನಲ್ಲಿ ಸಿಕ್ಕಿಕೊಂಡಿತು, ಅವನು ಒತ್ತಿದ, ಅಲಗು ಹಿಂದಕ್ಕೆ ಮಡಿಚಿ ತೋರುಬೆರಳಿನ ಮೇಲೆ ಕೂತಿತು. ಗಾಯ ಮಾಯಿತು. ಒಳಗಿನ ನರ ಮಾತ್ರ ಕೂಡಲಿಲ್ಲ. ಅವನು ಮುಂದೆ ಮೊಮ್ಮಕ್ಕಳನ್ನು ಕಂಡ. ಆ ಬೆರಳು ಮಾತ್ರ ಮತ್ತೆ ಮಡಿಚಲಿಲ್ಲ. ಕೊಳಲಿನ ಆಸೆ ಏನಾಯಿತೆಂದು ನಾನು ಅವನನ್ನು ಕೇಳಲಿಲ್ಲ.

ಆದ್ದರಿಂದ ಕೀಲಿನ ವಿಷಯದಲ್ಲಿ ತುಸು ಹೆಚ್ಚು ಹೇಳುತ್ತೇನೆ. ಹಳೆಯ ಮಾದರಿಯಲ್ಲಿ ಹಿಡಿಯ ಬೆನ್ನಿನೊಳಗೆ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಅದು ಅಲಗಿನ ಬುಡವನ್ನು ಒತ್ತಿ ಹಿಡಿದು, ತೆರೆದಾಗ ತೆರೆದಂತೆ, ಮುಚ್ಚಿದಾಗ ಮುಚ್ಚಿದಂತೆ ನಿಲ್ಲಿಸುತ್ತದೆ. ಇದು ಒತ್ತಡವೇ ಹೊರತು ಬೀಗವಲ್ಲ. ಹಣ್ಣು ಹೆಚ್ಚುವುದಕ್ಕೆ, ಕಟ್ಟಿನ ದಾರ ಕೊಯ್ಯುವುದಕ್ಕೆ, ಪೆನ್ಸಿಲು ಕೆತ್ತುವುದಕ್ಕೆ ಇಷ್ಟು ಸಾಕು. ಚುಚ್ಚುವ, ಕೊರೆಯುವ, ಒತ್ತುವ ಕೆಲಸವಿದ್ದರೆ ಸಾಲದು. ಅದಕ್ಕೆ ಅಲಗು ತೆರೆದ ಮೇಲೆ ತಾನಾಗಿ ಮಡಿಚದಂತೆ ತಡೆಯುವ ಬೀಗವಿರಬೇಕು. ಕೆಲವದರಲ್ಲಿ ಹಿಡಿಯ ಬೆನ್ನಿನ ಪಟ್ಟಿಯೇ ಅಲಗಿನ ಬುಡದ ಹಲ್ಲಿಗೆ ಕಚ್ಚಿಕೊಳ್ಳುತ್ತದೆ. ಕೆಲವದರಲ್ಲಿ ಹಿಡಿಯ ಒಳತಗಡು ಪಕ್ಕದಿಂದ ಸರಿದು ಬುಡಕ್ಕೆ ಅಡ್ಡ ನಿಲ್ಲುತ್ತದೆ.

ಬೀಗಗಳಲ್ಲೆಲ್ಲ ಸರಳವಾದದ್ದನ್ನು ನೋಡಬೇಕಾದರೆ ಫ್ರಾನ್ಸಿನ ಬೆಟ್ಟಸೀಮೆಯಾದ ಸವೋಯಿಗೆ ಹೋಗಬೇಕು. ಅಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬಾತ ರೈತರ ಜೇಬಿಗೆಂದು ಒಂದು ಚಾಕು ಮಾಡಿದ. ಬೀಚ್ ಮರದ ದುಂಡು ಹಿಡಿ, ಅದರ ಸೀಳಿನೊಳಗೆ ಮಡಿಚುವ ತೆಳು ಅಲಗು. 1955ರಲ್ಲಿ ಆ ಮನೆತನದ ಮಾರ್ಸೆಲ್ ಒಪಿನೆಲ್ ಕೀಲಿನ ಮೇಲೆ ತಿರುಗುವ ಉಂಗುರವೊಂದನ್ನು ಸೇರಿಸಿದ. ಬೆರಳಿನಿಂದ ತಿರುಗಿಸಿದರೆ ಅಲಗಿಗೆ ಹಿಂದಿರುಗಲು ದಾರಿಯಿಲ್ಲ. ಅಲಗು, ಹಿಡಿ, ಮೊಳೆ, ಎರಡು ಉಂಗುರ, ಒಟ್ಟು ಐದೇ ಭಾಗ. ಕೆಡುವುದಕ್ಕೆ ಏನಾದರೂ ಇರಬೇಕಲ್ಲವೆ? ದೋಷವೇ ಇಲ್ಲವೆಂದಲ್ಲ. ಮರ ನೀರು ಕುಡಿದರೆ ಉಬ್ಬುತ್ತದೆ, ಅಲಗು ಹಿಡಿಯೊಳಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಮಲೆನಾಡಿನ ಆಷಾಢದಲ್ಲಿ ಇದು ಖಂಡಿತ. ಸವೋಯಿಯ ಜನ ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿ ಅಲಗನ್ನು ಹೊರಕ್ಕೆ ಜಾರಿಸುತ್ತಾರಂತೆ. ನಾವು ಮಳೆಗಾಲಕ್ಕೆ ಮುನ್ನ ಹಿಡಿಗೂ ಕೀಲಿನ ಸಂದಿಗೂ ಎಣ್ಣೆ ಕುಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ನಮ್ಮ ದೇಶದಲ್ಲಿ ಮಡಿಚುವ ಚಾಕು ಎಂದೊಡನೆ ನೆನಪಾಗುವ ಹೆಸರು ಉತ್ತರಪ್ರದೇಶದ ರಾಂಪುರ. ಅಲ್ಲಿಯ ಕಸಬುದಾರರ ಕೈಚಳಕ ಕಡಿಮೆಯದಲ್ಲ. ಆದರೆ ಹಿಂದಿ ಚಲನಚಿತ್ರಗಳು ಆ ಚಾಕುವನ್ನು ಪುಂಡನ ಕೈಗೆ ಕೊಟ್ಟು ಊರಿನ ಹೆಸರನ್ನೇ ಬೈಗುಳವಾಗಿಸಿದವು. 2023ರಲ್ಲಿ ಅದೇ ಊರಿನ ಚೌಕದಲ್ಲಿ 20 ಅಡಿ ಉದ್ದದ ಚಾಕುವಿನ ಪ್ರತಿಕೃತಿಯನ್ನು ನಿಲ್ಲಿಸಿದರು. ಕಸುಬಿಗೆ ಮರ್ಯಾದೆ ಸಂದಿತೆಂದು ಸಂತೋಷವೇ. ದಿನಬಳಕೆಗೆ ಮಾತ್ರ ರಾಂಪುರಿಯ ಉದ್ದ ಅಲಗು ತಕ್ಕುದಲ್ಲ.

ಇನ್ನು ಸ್ವಿಸ್ ಚಾಕು. ಅದರ ಕೆಂಪು ಹಿಡಿಯನ್ನು ನೋಡದವರಿಲ್ಲ. 1891ರಲ್ಲಿ ಸ್ವಿಟ್ಜರ್‌ಲೆಂಡಿನ ಸೈನಿಕನಿಗೆ ಕೊಟ್ಟ ಮೊದಲ ಚಾಕುವಿನಲ್ಲಿ ತಿರುಪುಳಿ ಇದ್ದದ್ದು ಅವನ ಹೊಸ ಬಂದೂಕನ್ನು ಬಿಚ್ಚಲು, ಡಬ್ಬಿ ತೆರೆಯುವ ಸಾಧನ ಇದ್ದದ್ದು ಅವನು ಊಟ ಮಾಡಲು. ಪ್ರತಿಯೊಂದು ಭಾಗಕ್ಕೂ ಒಂದು ಕೆಲಸವಿತ್ತು. ಕಾರ್ಲ್ ಎಲ್ಸೆನರ್ 1897ರಲ್ಲಿ ಅಧಿಕಾರಿಗಳಿಗೆಂದು ಮಾಡಿದ ಚಾಕುವಿಗೆ ಸೀಸೆಯ ಬಿರಡೆ ತೆಗೆಯುವ ಸುರುಳಿಯೂ ಸೇರಿತು. ದ್ರಾಕ್ಷಾರಸದ ಸೀಸೆ ಇಲ್ಲದ ನಮ್ಮಂಥ ಮನೆಗಳಲ್ಲಿ ಅದಕ್ಕೇನು ಕೆಲಸ ಎಂದರೆ, ಬಿಗಿದ ಹಗ್ಗದ ಗಂಟು ಬಿಡಿಸಲು ಅದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಆದರೆ ಹದಿನೈದು ಇಪ್ಪತ್ತು ಸಾಧನಗಳನ್ನು ತುರುಕಿದ ಚಾಕು ಹಿಡಿಗೆ ಕೂರುವುದಿಲ್ಲ, ಜೇಬಿಗೆ ಭಾರ. ಒಂದು ದೊಡ್ಡ ಅಲಗು, ಒಂದು ತಿರುಪುಳಿ, ಬೇಕಾದರೆ ಒಂದು ಕತ್ತರಿ; ಇದಕ್ಕಿಂತ ಹೆಚ್ಚಿನದು ಆಟಿಕೆ.

ಉಕ್ಕಿನ ವಿಷಯ. ಎರಡು ಕುಲಗಳುಂಟು. ಒಂದು, ಇಂಗಾಲದ ಉಕ್ಕು: ಬೇಗ ಹರಿತವಾಗುತ್ತದೆ, ಬಹುಕಾಲ ಹರಿತ ಹಿಡಿಯುತ್ತದೆ, ಆದರೆ ಒದ್ದೆ ಬಿಟ್ಟರೆ ತುಕ್ಕು. ನಿಂಬೆ, ಮಾವಿನಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ; ಆ ಕಪ್ಪು ಕೊಳೆಯಲ್ಲ, ಅದನ್ನು ಉಜ್ಜಿ ತೆಗೆಯುವ ಹಟ ಬೇಡ. ಇನ್ನೊಂದು, ಸ್ಟೇನ್‌ಲೆಸ್ ಉಕ್ಕು: ನೂರಕ್ಕೆ ಹತ್ತೂವರೆ ಭಾಗಕ್ಕಿಂತ ಹೆಚ್ಚು ಕ್ರೋಮಿಯಂ ಬೆರೆತದ್ದು. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರೇರ್ಲಿ ಇದರ ಒಂದು ಬಗೆಯನ್ನು ಬಳಕೆಗೆ ತಂದ. ಕರಾವಳಿಯವರಿಗೆ, ಬೆವರುವ ಜೇಬಿನವರಿಗೆ, ಒರೆಸಿಡಲು ಸೋಮಾರಿತನ ಪಡುವವರಿಗೆ ಇದೇ ಸರಿ. ಒಣ ಬಯಲುಸೀಮೆಯಲ್ಲಿರುವ, ಕೈ ಶಿಸ್ತುಳ್ಳ ಮನುಷ್ಯನಿಗೆ ಮೊದಲನೆಯದು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಅಯಸ್ಕಾಂತ ಹಿಡಿದರೆ ಅದು ನಿಜವಾದ ಸ್ಟೇನ್‌ಲೆಸ್ ಅಲ್ಲವೆಂದು ಪಾತ್ರೆ ಅಂಗಡಿಯಲ್ಲಿ ಹೇಳುವುದುಂಟು. ನಿಕ್ಕಲ್ ಬೆರೆತ ಲೋಟ ತಟ್ಟೆಗಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಚಾಕುವಿನ ಮಟ್ಟಿಗೆ ಮಾತು ತಲೆಕೆಳಗು. ಆ ಪಾತ್ರೆಯ ಉಕ್ಕನ್ನು ಕಾಯಿಸಿ ತಣಿಸಿ ಗಡುಸು ಮಾಡಲು ಬರುವುದಿಲ್ಲ; ಹದ ಹಿಡಿಯುವ ಉಕ್ಕು ಅಯಸ್ಕಾಂತಕ್ಕೆ ಅಂಟಿಯೇ ತೀರುತ್ತದೆ. ಆದಕಾರಣ ಅಂಟದ ಅಲಗನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಅದು ಎರಡು ತಿಂಗಳಲ್ಲಿ ಬೆಣ್ಣೆ ಸವರುವ ಪಟ್ಟಿಯಾಗುತ್ತದೆ. ಗಡುಸು ಎಷ್ಟಿರಬೇಕೆಂದರೆ, ರಾಕ್‌ವೆಲ್ ಮಾನದಲ್ಲಿ 55ರಿಂದ 59. ಅದಕ್ಕಿಂತ ಮೇಲಿನದು ಹರಿತವನ್ನು ಹೆಚ್ಚು ದಿನ ಹಿಡಿದೀತು, ಆದರೆ ಹೋದ ಹರಿತವನ್ನು ಮನೆಯ ಕಲ್ಲಿನ ಮೇಲೆ ತರುವುದು ಕಷ್ಟ. ಅಂಚು ಚಕ್ಕೆ ಏಳುವ ಭಯವೂ ಉಂಟು.

ಉದ್ದ 7ರಿಂದ 9 ಸೆಂಟಿಮೀಟರ್ ಸಾಕು. ಬೆನ್ನಿನ ದಪ್ಪ 2 ಮಿಲಿಮೀಟರ್ ಆಸುಪಾಸು. ನಾಲ್ಕು ಮಿಲಿಮೀಟರಿನ ಅಲಗು ಗಟ್ಟಿಯೆಂದು ಮೋಹಗೊಳ್ಳುವವರಿದ್ದಾರೆ. ಅದು ಸೇಬನ್ನು ಕೊಯ್ಯುವುದಿಲ್ಲ, ಸೀಳುತ್ತದೆ.

ಅಂಗಡಿಯಲ್ಲಿ ನಿಂತು ಹೀಗೆ ಮಾಡಿ. ಚಾಕುವನ್ನು ತೆರೆದು ಅಲಗನ್ನು ಬೆನ್ನಿನ ಕಡೆಯಿಂದ ಹಿಡಿದು ಎಡಕ್ಕೂ ಬಲಕ್ಕೂ ಮೆಲ್ಲಗೆ ಅಲುಗಿಸಿ. ಹೊಸದರಲ್ಲಿಯೇ ಕೂದಲೆಳೆಯಷ್ಟು ಅಲುಗಿದರೆ ವರ್ಷ ಕಳೆಯುವುದರೊಳಗೆ ಹಲ್ಲಿನಂತೆ ಅಲ್ಲಾಡುತ್ತದೆ. ಮುಚ್ಚಿ, ಮೇಲಿನಿಂದ ನೋಡಿ: ಅಲಗು ಸೀಳಿನ ನಡುವೆ ನಿಂತಿರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು. ತೆರೆದು ಬೆಳಕಿಗೆ ಹಿಡಿಯಿರಿ: ಬೆನ್ನಿನ ಪಟ್ಟಿಗೂ ಅಲಗಿನ ಬುಡಕ್ಕೂ ನಡುವೆ ಬೆಳಕು ತೂರಬಾರದು. ಕಣ್ಣಿಗಿಂತ ಕಿವಿ ಒಳ್ಳೆಯ ಸಾಕ್ಷಿ. ಸರಿಯಾಗಿ ಕೂಡಿದ ಚಾಕು ತೆರೆದಾಗ ‘ಟಕ್’ ಎಂದು ಒಂದೇ ಸದ್ದು ಮಾಡುತ್ತದೆ. ಕರಕರ ಎಂದರೆ ಒಳಗೆ ಒರಟಿದೆ. ಕೊನೆಯದಾಗಿ, ಅಲಗು ಎಳೆಯಲು ಉಗುರು ಸಿಕ್ಕಿಸುವ ಗೀರು ನಿಮ್ಮ ಉಗುರಿಗೆ ಒಪ್ಪುತ್ತದೆಯೇ ನೋಡಿ. ಯೌವನದಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ. ನನ್ನ ವಯಸ್ಸಿನವರಿಗೆ ಇದೇ ಮೊದಲ ಪರೀಕ್ಷೆ. ತೆರೆಯಲು ಹೆಂಡತಿಯನ್ನು ಕರೆಯಬೇಕಾದ ಚಾಕುವಿನಿಂದ ಏನು ಪ್ರಯೋಜನ?

ಕೊಂಡ ಮೇಲೆ ಬಾಳಿಸುವುದು ನಮ್ಮ ಕೈಯಲ್ಲಿದೆ. ವರ್ಷಕ್ಕೊಮ್ಮೆ ಬೀದಿಯಲ್ಲಿ ಸಾಣೆ ಹಿಡಿಯುವವನಿಗೆ ಕೊಟ್ಟರೆ ಸಾಕೆಂಬ ಭಾವನೆ ಹಲವರದು. ಅವನ ಕಸುಬಿನ ಮೇಲೆ ನನಗೆ ಗೌರವವಿದೆ; ಕುಡುಗೋಲಿಗೆ, ಈಳಿಗೆಮಣೆಗೆ ಅವನೇ ಸರಿ. ಆದರೆ ತೆಳು ಅಲಗನ್ನು ವೇಗದ ಚಕ್ರಕ್ಕೆ ಒಡ್ಡಿದಾಗ ಕಿಡಿ ಹಾರಿ ಅಂಚು ಕಾಯುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಕಂಡಿತೆಂದರೆ ಆ ಭಾಗದ ಹದ ಹೋಯಿತೆಂದೇ ಅರ್ಥ. ಮನೆಯಲ್ಲಿ ನುಣುಪಾದ ಸಾಣೆಕಲ್ಲಿನ ಮೇಲೆ ನೀರು ಹನಿಸಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಾಗಿಟ್ಟು, ಕಲ್ಲಿನಿಂದ ತೆಳ್ಳನೆಯ ಪದರ ಕೊಯ್ಯುವಂತೆ ಮುಂದಕ್ಕೆ ಸರಿಸಿ. ಒಂದು ಮಗ್ಗುಲಿಗೆ ಎಷ್ಟೋ ಇನ್ನೊಂದಕ್ಕೂ ಅಷ್ಟೇ. ಕಲ್ಲಿಲ್ಲದಿದ್ದರೆ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರವಿರುತ್ತದೆಯಲ್ಲ, ಅದರ ಮೇಲೆ ಉಜ್ಜಿದರೂ ಆದೀತು. ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಮೊಂಡು ಚಾಕು ಸಾಧು ಎಂಬ ನಂಬಿಕೆ ಬೇಡ. ಮೊಂಡಾದಷ್ಟೂ ಒತ್ತುತ್ತೇವೆ, ಒತ್ತಿದಷ್ಟೂ ಜಾರುತ್ತದೆ. ಹಲಸಿನ ಅಂಟಿನ ಹತ್ತಿರ ಈ ಚಾಕುವನ್ನು ಒಯ್ಯಬೇಡಿ. ಒಯ್ಯಲೇಬೇಕಾದರೆ ಮೊದಲು ಕೊಬ್ಬರಿ ಎಣ್ಣೆ ಸವರಿ. ಕೀಲಿಗೆ ಒಂದು ಹನಿ ಹೊಲಿಗೆಯಂತ್ರದ ಎಣ್ಣೆ. ಅಲಗಿನಿಂದ ತಿರುಪು ತೆಗೆಯುವುದು, ಡಬ್ಬಿಯ ಮುಚ್ಚಳ ಮೀಟುವುದು, ಇವೆರಡನ್ನು ಬಿಟ್ಟರೆ ಚಾಕು ನಮಗಿಂತ ಹೆಚ್ಚು ದಿನ ಬದುಕೀತು.

ಕಾನೂನಿನ ಮಾತೂ ಒಂದಿಷ್ಟು. 1959ರ ಆಯುಧ ಕಾಯಿದೆಯ ಮೇರೆಗೆ 1962ರಲ್ಲಿ ಮಾಡಿದ ನಿಯಮಗಳು, ಮನೆಗೆಲಸ ಬೇಸಾಯಗಳಿಗಲ್ಲದ, 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸಿದವು. ನಾನು ಹೇಳುತ್ತಿರುವ ಚಾಕು ಅದರ ಅರ್ಧವೂ ಇಲ್ಲ. ಗುಂಡಿ ಒತ್ತಿದೊಡನೆ ಚಿಮ್ಮುವ ಬಗೆಯನ್ನು ಮಾತ್ರ ಕೊಳ್ಳಲೇಬೇಡಿ. ಅದರ ಯಂತ್ರ ಬೇಗ ಕೆಡುತ್ತದೆ, ನೋಡಿದವರ ಮನಸ್ಸೂ ಕೆಡುತ್ತದೆ. ನ್ಯಾಯಾಲಯ, ಮೆಟ್ರೊ ನಿಲ್ದಾಣ ಮೊದಲಾದ ತಪಾಸಣೆಯ ಜಾಗಗಳಿಗೆ ಹೋಗುವ ದಿನ ಚಾಕು ಮನೆಯಲ್ಲಿರಲಿ. ವಿಮಾನದಲ್ಲಿ ಹೋಗುವುದಾದರೆ ಕೈಚೀಲದಲ್ಲಿ ಇಡದೆ, ಮೊದಲೇ ಒಪ್ಪಿಸುವ ದೊಡ್ಡ ಪೆಟ್ಟಿಗೆಯೊಳಗೆ, ಬಟ್ಟೆಯಲ್ಲಿ ಸುತ್ತಿ ಇಡಬೇಕು.