ಮೊದಲ ಪ್ರಶ್ನೆ

1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರವೆಂದು ಸಾರಿದಾಗ ಆ ಹೋರಾಟದಲ್ಲಿ ಹೆಣ್ಣುಮಕ್ಕಳೂ ಇದ್ದರು. ಅಕ್ಕಮಹಾದೇವಿಯ ಉಡುತಡಿಯೂ ಅದೇ ತಾಲ್ಲೂಕಿನದು. ಇಂಥ ನೆಲದಲ್ಲೂ ಕಿರುಕುಳಕ್ಕೊಳಗಾದ ಹುಡುಗಿ ಬಾಯಿಬಿಡಲು ಹೆದರುತ್ತಾಳೆ, ಏಕೆಂದರೆ ಮೊದಲ ಪ್ರಶ್ನೆ ಏಳುವುದೇ ಅವಳ ಉಡುಪಿನ ಮೇಲೆ. 2003ರಲ್ಲಿ ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ ವಿದ್ಯಾರ್ಥಿನಿಯಾಗಿದ್ದಾಗ ಆರಂಭಿಸಿದ ‘ಬ್ಲಾಂಕ್ ನಾಯ್ಸ್’ ಎಂಬ ಅಭಿಯಾನ ಆ ಪ್ರಶ್ನೆಗೇ ಉತ್ತರ ಹುಡುಕಿತು. ಅಂತರ್ಜಾಲದಲ್ಲಿ ಹೆಣ್ಣುಮಕ್ಕಳ ಅನುಭವಗಳನ್ನು ಒಟ್ಟುಗೂಡಿಸಿತು. ಕಿರುಕುಳವಾದಾಗ ತೊಟ್ಟಿದ್ದ ಬಟ್ಟೆಗಳನ್ನು ಕೊಡಿ ಎಂದು ಕೇಳಿತು. ಬಂದವುಗಳಲ್ಲಿ ಶಾಲೆಯ ಸಮವಸ್ತ್ರವೂ ಇತ್ತು. ಉಡುಪೇ ಕಾರಣವೆನ್ನುವವರು ಆ ಸಮವಸ್ತ್ರಕ್ಕೆ ಏನು ಹೇಳುತ್ತಾರೆ?

ಇಂಥ ಅನುಭವವನ್ನು ಫೋನಿನಲ್ಲಿ ಜಾಲತಾಣಕ್ಕೆ ಬರೆದರೆ ವಿಚಾರಣೆಯಿಲ್ಲದೆ ಒಬ್ಬನ ಮಾನ ಹೋಗುವುದಿಲ್ಲವೆ ಎಂಬ ಆಕ್ಷೇಪವಿದೆ. ಅದು ಹಗುರವಾದದ್ದಲ್ಲ; ಜಾಲತಾಣ ನ್ಯಾಯಾಲಯವಾಗಬಾರದು. ಆದರೆ ಬಟ್ಟೆಗಳ ಆ ಸಂಗ್ರಹ ಯಾರ ಹೆಸರನ್ನೂ ಎತ್ತುವುದಿಲ್ಲ, ಹೆಣ್ಣಿನದೇ ತಪ್ಪೆಂಬ ನಂಬಿಕೆಯನ್ನಷ್ಟೇ ಅಲುಗಿಸುತ್ತದೆ. ಅದರಿಂದ ಕಾನೂನಿಗೂ ಬಲ ಬರುತ್ತದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ನಾಚಿಕೆಯಿಂದ ಸುಮ್ಮನಿದ್ದವಳಿಗೆ ಆ ಅವಧಿ ಕೈತಪ್ಪುತ್ತದೆ. ತನ್ನಂಥವರು ಇನ್ನೂ ಇದ್ದಾರೆಂದು ತಿಳಿದವಳು ಬೇಗ ದೂರು ಬರೆದಾಳು. ಹಳ್ಳಿಯಲ್ಲಿ ಎಷ್ಟೋ ಮನೆಗಳ ಫೋನು ಗಂಡಸರ ಜೇಬಿನಲ್ಲಿರುತ್ತದೆ, ನಿಜ. ಹಾಗಾಗಿ ಈ ಮಾತು ಸ್ವಸಹಾಯ ಸಂಘದ ವಾರದ ಸಭೆಗೂ ಬರಬೇಕು, 181 ಮಹಿಳಾ ಸಹಾಯವಾಣಿಯ ಸಂಖ್ಯೆ ಅಲ್ಲಿನ ಗೋಡೆಯ ಮೇಲೆ ಇರಬೇಕು.