ಸಿಎಸ್ಸೇ ಬೇಕಾ, ಐಎಸ್ ಆದರೆ ನಡೆಯುತ್ತಾ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನಿಂದ ಮೂವರು ಪೋಷಕರು ಒಂದೇ ಪ್ರಶ್ನೆ ಕೇಳಿದರು: 'ಮಗ ಡಿಪ್ಲೊಮಾ ಮುಗಿಸ್ತಿದಾನೆ. ಬಿಇಗೆ ಕಂಪ್ಯೂಟರ್ ಸೈನ್ಸೇ ಬೇಕಾ, ಇನ್ಫರ್ಮೇಶನ್ ಸೈನ್ಸ್ ಆದರೆ ನಡೆಯುತ್ತಾ?' ಹಾಗಾಗಿ ಬರೆದು ತಂದ ಭಾಷಣ ಜೇಬಿನಲ್ಲೇ ಇರಲಿ.

ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್ ಸೇರಿದೆ. 2011ರಲ್ಲಿ ಡಿಸಿಇಟಿ ಬರೆದೆ. ಡಿಪ್ಲೊಮಾದವರಿಗೆ ಬಿಇ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ನೇರ ಪ್ರವೇಶ. ನನ್ನ ರ‍್ಯಾಂಕಿಗೆ ಸರ್ಕಾರಿ ಶುಲ್ಕದಲ್ಲಿ ಸಿಕ್ಕಿದ್ದು ಐಎಸ್. ಸಿಎಸ್ ಬೇಕೆಂದರೆ ಮ್ಯಾನೇಜ್‌ಮೆಂಟ್ ಸೀಟು. 'ಐಎಸ್ ಓದಿದವರನ್ನು ಕಂಪನಿಯವರು ಮೂಸಿಯೂ ನೋಡಲ್ಲ' ಎಂದು ಸೀನಿಯರ್ ಒಬ್ಬ ಹೇಳಿದ್ದನ್ನು ನಂಬಿ ಎರಡು ದಿನ ಊಟ ಬಿಟ್ಟೆ. ಅಪ್ಪ ಕೆರೆ ಕೆಳಗಿನ ಅರ್ಧ ಎಕರೆಗೆ ಗಿರಾಕಿ ನೋಡಿಯೇಬಿಟ್ಟರು.

ತಡೆದವರು ನಮ್ಮ ಗಣಿತದ ಮೇಷ್ಟ್ರು. 'ಎರಡರ ಸಿಲಬಸ್ಸೂ ತಂದು ಪಕ್ಕಪಕ್ಕ ಇಡೋ' ಎಂದರು. ಪೇಟೆಯ ಸೈಬರ್ ಕೆಫೆಯಲ್ಲಿ ವಿಟಿಯು ಸಿಲಬಸ್ ಪ್ರಿಂಟ್ ತೆಗೆಸಿ, ಇಲ್ಲಿನ ಸ್ಟಾಫ್ ರೂಮಿನ ಮೇಜಿನ ಮೇಲೆ ಹರಡಿ, ಎರಡರಲ್ಲೂ ಇದ್ದ ವಿಷಯಗಳಿಗೆ ಕೆಂಪು ಗೆರೆ ಎಳೆಯುತ್ತಾ ಹೋದೆವು. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್ ಎಲ್ಲ ಒಂದೇ. ಸಿಎಸ್‌ನಲ್ಲಿ ಕಂಪೈಲರ್, ಗ್ರಾಫಿಕ್ಸ್ ಇದ್ದರೆ ಐಎಸ್‌ನಲ್ಲಿ ಫೈಲ್ ಸ್ಟ್ರಕ್ಚರ್ಸ್, ಸಾಫ್ಟ್‌ವೇರ್ ಟೆಸ್ಟಿಂಗ್. ಮುಂದೆ ಎಂಟೆಕ್‌ಗೆಂದು ಗೇಟ್ ಬರೆದರೂ ಇಬ್ಬರಿಗೂ ಒಂದೇ ಪತ್ರಿಕೆ. ಮೇಜೆಲ್ಲ ಕೆಂಪಾಯಿತು, ಅರ್ಧ ಎಕರೆ ಉಳಿಯಿತು. ಅಪ್ಪ ಮಾತ್ರ ಇವತ್ತಿಗೂ ಮಗ ಓದಿದ್ದು ಸಿಎಸ್ ಅಂತಲೇ ಹೇಳುತ್ತಾರೆ. ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ತಿದ್ದುವ ಧೈರ್ಯ ನನಗಿಲ್ಲ.

ನಾವಿಬ್ಬರೂ ಗಮನಿಸದೆ ಬಿಟ್ಟದ್ದು ಬೇರೆ ಇತ್ತು. ನೇರ ಪ್ರವೇಶದವರು ಮೂರು, ನಾಲ್ಕನೆಯ ಸೆಮಿಸ್ಟರುಗಳಲ್ಲಿ ಉಳಿದವರಿಗಿಲ್ಲದ ಒಂದೊಂದು ಗಣಿತ ಪತ್ರಿಕೆ ಪಾಸಾಗಬೇಕಿತ್ತು. ಸಿಎಸ್ ಆಗಲಿ ಐಎಸ್ ಆಗಲಿ, ಅದು ತಪ್ಪದು. ಡಿಪ್ಲೊಮಾದ ಮೊದಲ ವರ್ಷ ಕಳೆದ ಮೇಲೆ ಗಣಿತ ಮುಟ್ಟದಿದ್ದ ನನಗೆ ಇಂಟಿಗ್ರೇಷನ್ ಕಬ್ಬಿಣದ ಕಡಲೆಯಾಯಿತು. ಮೊದಲ ಸಲ ಫೇಲಾದೆ. ಮನೆಯಲ್ಲಿ ಹೇಳಲಿಲ್ಲ. ಭಾನುವಾರ ಭಾನುವಾರ ಮೊದಲ ಬಸ್ಸಿಗೆ ಬಂದು ಅದೇ ಮೇಷ್ಟ್ರ ಜಗಲಿಯಲ್ಲಿ ಕುಳಿತು ಲೆಕ್ಕ ಮಾಡಿದೆ. ಒಂದು ಪೈಸೆ ತೆಗೆದುಕೊಳ್ಳಲಿಲ್ಲ ಅವರು; ತಿಂಡಿಯನ್ನೂ ಕೊಟ್ಟರು.

ಈಗ ಎಐ, ಡೇಟಾ ಸೈನ್ಸ್ ಎಂದು ಬ್ರಾಂಚುಗಳ ಹೆಸರು ಹೆಚ್ಚಾಗಿವೆ. ಆ ಮೂವರಲ್ಲಿ ಒಂದು ವಿನಂತಿ. ನನ್ನ ಬಸ್ಸು ನಾಳೆ ಹತ್ತೂವರೆಗೆ. ಸಿಲಬಸ್ ಪ್ರಿಂಟ್ ಹಿಡಿದು ಎಂಟಕ್ಕೇ ನಮ್ಮನೆಗೆ ಬನ್ನಿ, ಮಗನನ್ನೂ ಕರೆತನ್ನಿ. ಕೆಂಪು ಪೆನ್ನು ನಾನಿಟ್ಟುಕೊಂಡಿರುತ್ತೇನೆ.