ಹಳೆಯ ಕಂಪ್ಯೂಟರ್ ಯಾಕೆ ತೂಕಡಿಸುತ್ತದೆ?

ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿನ ಸ್ವಿಚ್ ಒತ್ತಿ, ಅದರ ಡಬ್ಬದ ಮುಂಭಾಗ ನೋಡಿ. ಆನ್ ಆಗಿದೆ ಎಂದು ತೋರಿಸುವ ದೀಪದ ಪಕ್ಕದಲ್ಲಿ ಸಾಮಾನ್ಯವಾಗಿ ಇನ್ನೊಂದು ಪುಟ್ಟ ದೀಪ ಇರುತ್ತದೆ. ಅದು ಪಟಪಟನೆ ಮಿನುಗುತ್ತದೆ. ಕೆಲವೊಮ್ಮೆ ಮಿನುಗುವುದನ್ನೂ ಬಿಟ್ಟು ಒಂದೇ ಸಮನೆ ಉರಿಯುತ್ತ ಕೂರುತ್ತದೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ನಡೆಯುವುದಿಲ್ಲ. ನೀವು ಸಿಟ್ಟಿನಲ್ಲಿ ಮತ್ತೆ ಮತ್ತೆ ಕ್ಲಿಕ್ ಮಾಡುತ್ತೀರಿ, “ಸುಮ್ನಿರೋ, ಹ್ಯಾಂಗ್ ಆಗುತ್ತೆ” ಅಂತ ಹಿಂದಿನಿಂದ ಅಕ್ಕ ಗದರುತ್ತಾಳೆ.

ಆ ದೀಪದ ಅರ್ಥ ಇಷ್ಟೇ: ಹಾರ್ಡ್ ಡಿಸ್ಕ್ ಬಿಡುವಿಲ್ಲದೆ ದುಡಿಯುತ್ತಿದೆ. ಲೆಕ್ಕ ಮಾಡಬೇಕಾದ ಪ್ರೊಸೆಸರ್ ಮಾತ್ರ ಬಹುಪಾಲು ಸುಮ್ಮನೆ ಕೂತು, ಡಿಸ್ಕಿನಿಂದ ಮಾಹಿತಿ ಬರಲಿ ಎಂದು ಕಾಯುತ್ತಿದೆ. ಕಂಪ್ಯೂಟರಿಗೆ ವಯಸ್ಸಾಯಿತು, ಮಿದುಳು ಮಂಕಾಯಿತು ಎಂದು ದೊಡ್ಡವರು ಹೇಳಿದರೆ ಪೂರ್ತಿ ನಂಬಬೇಡಿ. 2012ರಲ್ಲಿ ಕೊಂಡ ಪ್ರೊಸೆಸರ್ ಅಂದು ಎಷ್ಟು ಚುರುಕಾಗಿ ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟೇ ಚುರುಕು. ದೊಡ್ಡದಾಗಿರುವುದು ನಾವು ಅದರ ಮೇಲೆ ಹೇರುವ ಕೆಲಸ. ವೀಡಿಯೊ, ಆನ್‌ಲೈನ್ ಪಾಠ, ಒಂದೇ ಬ್ರೌಸರಿನಲ್ಲಿ ಹತ್ತು ಹದಿನೈದು ಪುಟಗಳು!

ಹಾರ್ಡ್ ಡಿಸ್ಕಿಗೆ ಯಾಕಷ್ಟು ಹೊತ್ತು ಬೇಕು? ಅದರೊಳಗೆ ನಿಜವಾಗಿಯೂ ತಿರುಗುವ ತಟ್ಟೆಗಳಿವೆ. ಮೇಲೆ ಕಾಂತೀಯ ಲೇಪನ, ಅದರಲ್ಲಿ ನಿಮ್ಮ ಫೋಟೊ, ಹಾಡು, ಮನೆಪಾಠ ಎಲ್ಲ ಅತಿಚಿಕ್ಕ ಕಾಂತಗಳ ದಿಕ್ಕಾಗಿ ಬರೆದಿರುತ್ತವೆ. 1956ರಲ್ಲಿ ಐಬಿಎಂ ಕಂಪನಿ ಮಾಡಿದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಫೋನಿನಲ್ಲಿ ತೆಗೆದ ಒಂದೆರಡು ಫೋಟೊಗಳಿಗೇ ಸಾಲದು. ಈಗಿನ ಡೆಸ್ಕ್‌ಟಾಪ್ ಡಿಸ್ಕಿನ ತಟ್ಟೆ ಬಹಳ ಚಿಕ್ಕದು, ಆದರೆ ಕೆಲಸದ ರೀತಿ ಅದೇ. ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು, ಅಂದರೆ ಸೆಕೆಂಡಿಗೆ 120. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು: ಸುಮಾರು 4 ಮಿಲಿಸೆಕೆಂಡ್. ತಲೆಯನ್ನು ಹೊತ್ತ ತೋಳು ಸರಿಯಾದ ಸಾಲಿಗೆ ಸರಿಯಲು ಇನ್ನೊಂದು 8. ಒಟ್ಟು 12 ಮಿಲಿಸೆಕೆಂಡ್.

ಅದೇನು ಮಹಾ ಅನ್ನಬೇಡಿ. ಕಂಪ್ಯೂಟರಿನ ತಾತ್ಕಾಲಿಕ ನೆನಪು, ಅಂದರೆ ರ‍್ಯಾಮ್, ಕೇಳಿದ್ದನ್ನು ಸರಿಸುಮಾರು ಸೆಕೆಂಡಿನ ಕೋಟಿಯಲ್ಲೊಂದು ಭಾಗದಲ್ಲಿ ಕೊಡುತ್ತದೆ. ಈ ಸಮಯವನ್ನೆಲ್ಲ ಒಂದು ಕೋಟಿ ಪಟ್ಟು ಹಿಗ್ಗಿಸಿ ನೋಡೋಣ. ಒಲೆಯ ಪಕ್ಕದ ಕಟ್ಟೆಯಿಂದ ಸಾಸಿವೆ ಡಬ್ಬಿ ತೆಗೆಯಲು ಅಪ್ಪನಿಗೆ 1 ಸೆಕೆಂಡ್ ಸಾಕು, ಅದು ರ‍್ಯಾಮ್. ಅದೇ ಸಾಸಿವೆ ಹಾರ್ಡ್ ಡಿಸ್ಕಿನಿಂದ ಬರಬೇಕಾದರೆ? 1,20,000 ಸೆಕೆಂಡ್, ಅಂದರೆ 33 ಗಂಟೆ! ಒಗ್ಗರಣೆಗೆ ಇಟ್ಟ ಎಣ್ಣೆಯ ಗತಿ ನೀವೇ ಯೋಚಿಸಿ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡ್ರೈವ್‌ನಿಂದಾದರೆ ಸುಮಾರು 17 ನಿಮಿಷ. ಅದೂ ತಡವೇ, ಆದರೆ ಅಡುಗೆ ಆಗುತ್ತದೆ. ಕಂಪ್ಯೂಟರ್ ಶುರುವಾಗುವಾಗ ಒಂದಲ್ಲ, ಸಾವಿರಾರು ಚಿಕ್ಕ ಚಿಕ್ಕ ಕಡತಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಾಗಾದರೆ ಎಲ್ಲವನ್ನೂ ರ‍್ಯಾಮ್‌ನಲ್ಲೇ ಇಡಬಾರದೇ? ಅದರ ಕಷ್ಟ ಬೇರೆ. ಐಬಿಎಂನ ವಿಜ್ಞಾನಿ ರಾಬರ್ಟ್ ಡೆನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ಸಿಕ್ಕ ಉಪಾಯವೇ ಇವತ್ತಿನ ರ‍್ಯಾಮ್‌ನೊಳಗೂ ಇರುವುದು. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರಿನಲ್ಲಿ ವಿದ್ಯುತ್ ಇದ್ದರೆ 1, ಇಲ್ಲದಿದ್ದರೆ 0. ಆದರೆ ಆ ವಿದ್ಯುತ್ ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿ ರ‍್ಯಾಮ್‌ನಲ್ಲಿ ಇಂಥ ಜೋಡಿಗಳು ಸುಮಾರು 6,870 ಕೋಟಿ! ಕರೆಂಟ್ ಹೋದರೆ ತುಂಬುವವರಿಲ್ಲ, ನೆನಪೆಲ್ಲ ಖಾಲಿ. ಸೇವ್ ಮಾಡದ ಚಿತ್ರ ಮಾಯವಾಗುವುದು ಇದಕ್ಕೇ.

ರ‍್ಯಾಮ್ ಚಿಕ್ಕದಾದರೆ ಇನ್ನೊಂದು ಪೇಚು. ಅದು ತುಂಬಿದಾಗ ಕಂಪ್ಯೂಟರ್ ಸದ್ಯಕ್ಕೆ ಬೇಡದ್ದನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಈ ಸಾಗಾಟ ಹೆಚ್ಚಾದರೆ ಅಸಲು ಕೆಲಸ ಹಿಂದೆ ಬೀಳುತ್ತದೆ.

ಯಾವುದನ್ನು ಮೊದಲು ಬದಲಿಸಬೇಕು ಎಂದು ಊಹಿಸಬೇಕಿಲ್ಲ, ನೋಡಿಯೇ ತಿಳಿಯಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಮೆಮೊರಿ ಸದಾ ಶೇಕಡಾ 90 ದಾಟಿದ್ದರೆ ರ‍್ಯಾಮ್ ಸಾಲದು. ಮೆಮೊರಿ ಆರಾಮಾಗಿದ್ದು ಡಿಸ್ಕ್ ಮಾತ್ರ 100ರಲ್ಲಿ ನಿಂತಿದ್ದರೆ ಎಸ್‌ಎಸ್‌ಡಿ ಬೇಕು. 4 ಜಿಬಿ ಇರುವ ಯಂತ್ರಕ್ಕೆ ಒಂದಕ್ಕೇ ದುಡ್ಡಿದ್ದರೆ ನನ್ನ ಓಟು ಎಸ್‌ಎಸ್‌ಡಿಗೆ. 2 ಜಿಬಿ ಮಾತ್ರ ಇದ್ದರೆ ಎರಡನ್ನೂ ಹಾಕದೆ ಸುಖವಿಲ್ಲ. ಇನ್ನೊಂದು ಎಚ್ಚರ: ವಿಂಡೋಸ್ 32 ಬಿಟ್‌ನದಾಗಿದ್ದರೆ ಅದು ಮನೆಸಂಖ್ಯೆ ಕೊಡುವಂತೆ ನೆನಪಿಗೆ ಕೊಡಬಲ್ಲ ವಿಳಾಸಗಳು 2ನ್ನು 32 ಸಲ ಗುಣಿಸಿದಷ್ಟು, 429,49,67,296 ಮಾತ್ರ. ಅದೇ 4 ಜಿಬಿ. ಅದಕ್ಕೆ 8 ಜಿಬಿ ಹಾಕಿದರೆ ಅರ್ಧ ದಂಡ. 64 ಬಿಟ್‌ನ ವಿಂಡೋಸ್ ಹಾಕಿಸಿಕೊಳ್ಳಿ.

ಹಾಕುವ ಕೆಲಸಕ್ಕೆ ದೊಡ್ಡವರೊಬ್ಬರು ಜೊತೆಗಿರಲಿ. ಮೊದಲು ಫೋಟೊ, ಕಡತಗಳನ್ನೆಲ್ಲ ಬೇರೆಡೆ ಕಾಪಿ ಮಾಡಿಕೊಳ್ಳಿ. ಪ್ಲಗ್ ಕಿತ್ತ ಮೇಲೂ ಒಮ್ಮೆ ಪವರ್ ಬಟನ್ ಒತ್ತಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗಲಿ. ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ ಕೈ ಒಳಗಿಡಿ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಚಟ ಅನ್ನುವ ಕಿಡಿ ಇದೆಯಲ್ಲ, ಅದು ಕೆಲವು ಸಾವಿರ ವೋಲ್ಟ್. ನಮಗೆ ಚುರುಕ್ ಅನ್ನುತ್ತದೆ ಅಷ್ಟೇ. ಚಿಪ್‌ಗೆ ಅದಕ್ಕಿಂತ ಎಷ್ಟೋ ಕಡಿಮೆಯೂ ಅಪಾಯ. (ಒಳಗಿನ ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು, ದೊಡ್ಡವರೂ ಕೂಡ.)

ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಹಳೆಯ ತಲೆಮಾರಿನ ಡಿಡಿಆರ್3 ಪಟ್ಟಿಗೆ 240 ಚಿನ್ನದ ಲೇಪದ ಹಲ್ಲುಗಳು, ಅದರ ನಂತರದ ಡಿಡಿಆರ್4ಗೆ 288, ಕಚ್ಚಿನ ಜಾಗವೂ ಬೇರೆ. ಆದ್ದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ, ಬಲವಂತ ಮಾಡಬೇಡಿ. ಹಳೆಯ ಪಟ್ಟಿ ತೆಗೆದು ಮೇಲಿನ ಚೀಟಿ ಓದಿಕೊಂಡೇ ಅಂಗಡಿಗೆ ಹೋಗಿ. ಸರಿಯಾಗಿ ಕೂತರೆ ಎರಡೂ ಕಡೆಯ ಕ್ಲಿಪ್ ಟಕ್ ಎನ್ನುತ್ತದೆ. ಕೂರದಿದ್ದರೆ ಎಷ್ಟೋ ಕಂಪ್ಯೂಟರುಗಳು ಬೀಪ್ ಬೀಪ್ ಎಂದು ದೂರು ಹೇಳುತ್ತವೆ. ಎಸ್‌ಎಸ್‌ಡಿ ಜೋಡಿಸುವುದು ಇನ್ನೂ ಸುಲಭ: 2012ರ ಆಸುಪಾಸಿನ ಯಂತ್ರವಾದರೆ ಹಾರ್ಡ್ ಡಿಸ್ಕಿಗೆ ಚುಚ್ಚಿದ್ದ ಸಾಟಾ ಕೇಬಲ್ಲೇ 2.5 ಇಂಚಿನ ಎಸ್‌ಎಸ್‌ಡಿಗೂ ಆಗುತ್ತದೆ.

ಆ ಎಸ್‌ಎಸ್‌ಡಿಯ ಒಳಗಿರುವುದು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ್ದು. ವಿದ್ಯುತ್ ಹರಿಯದ ತೆಳು ಪದರದ ಆಚೆಗೆ ಎಲೆಕ್ಟ್ರಾನ್‌ಗಳನ್ನು ಒತ್ತಡದಿಂದ ನೂಕಿಬಿಟ್ಟರೆ, ಕರೆಂಟ್ ಇಲ್ಲದಿದ್ದರೂ ಅವು ಅಲ್ಲೇ ಉಳಿಯುತ್ತವೆ. ನೂಕಿದಾಗೆಲ್ಲ ಪದರ ಚೂರು ಚೂರೇ ಸವೆಯುವುದೂ ನಿಜ. ಆದರೂ ಮನೆಯ ಬಳಕೆಗೆ ಚಿಂತಿಸಬೇಕಾದಷ್ಟಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಹೊಸ ದೊಡ್ಡ ಆಟಗಳು ಓಡುತ್ತವೆ ಎಂದು ಆಸೆಪಡಬೇಡಿ. ಅದಕ್ಕೆ ಬೇರೆ ಶಕ್ತಿ ಬೇಕು.

ಕಳಚಿದ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಎರಡನೆಯ ಡ್ರೈವ್ ಆಗಿ ಅಲ್ಲೇ ಇರಲಿ, ಫೋಟೊ ಹಾಡು ಇಡಲು ಅದು ಧಾರಾಳ. ಪೂರ್ತಿ ಕೆಟ್ಟುಹೋಗಿದ್ದರೆ ಎಸೆಯುವ ಮೊದಲು ದೊಡ್ಡವರ ಜೊತೆ ಕೂತು ತೆರೆದು ನೋಡಿ. ಕನ್ನಡಿಯಂಥ ತಟ್ಟೆ, ತೋಳು, ಬೆರಳು ಸಿಕ್ಕಿದರೆ ಜಜ್ಜಿಬಿಡುವಷ್ಟು ಬಲವಾದ ಎರಡು ಕಾಂತಗಳು ಸಿಗುತ್ತವೆ. ತಟ್ಟೆಯನ್ನು ಬಗ್ಗಿಸಬೇಡಿ, ಕೆಲವು ಗಾಜಿನವು. ಸ್ಕ್ರೂಗಳ ತಲೆ ಆರು ಮೂಲೆಯ ನಕ್ಷತ್ರದಂತಿರುತ್ತದೆ, ಆ ಆಕಾರದ ಸ್ಕ್ರೂಡ್ರೈವರನ್ನೇ ಕೇಳಿ ತನ್ನಿ.